ಮಳೆ ನಕ್ಷತ್ರಗಳೊಡನೆ ಬರುವ ಹಕ್ಕಿಗಳು: ಹಾಲಹರವಿ, ಆಲೂರು, ಆದೋನಿ ಭಾಗದ ಶರತ್ಕಾಲದ ವಲಸೆ ಪಕ್ಷಿಗಳ ಪರಿಚಯ

ವಲಸೆ ಹಕ್ಕಿ ಎಂದೊಡನೆ ನಮ್ಮ ಜನರ ಕಣ್ಣ ಮುಂದೆ ಬರುವುದು ಸಮುದ್ರತೀರ. ಆಂಧ್ರದ ಪುಲಿಕಾಟ್ ಸರೋವರದ ರಾಜಹಂಸಗಳು, ನೇಲಪಟ್ಟಿನ ಹೆಜ್ಜಾರ್ಲೆಗಳು, ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗೊರವಗಳು ಪತ್ರಿಕೆಗಳಲ್ಲಿ ಚಿತ್ರಸಹಿತ ಪ್ರಕಟವಾಗುತ್ತವೆ. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ, ಮಳೆಯ ಅಭಾವಕ್ಕೇ ಹೆಸರಾದ ಪಶ್ಚಿಮ ಕರ್ನೂಲಿನ ಎರೆಹೊಲಗಳಿಗೂ ಪ್ರತಿವರ್ಷ ದೂರದೇಶದ ಅತಿಥಿಗಳು ಬರುತ್ತವೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕಝಾಕಸ್ತಾನದ ಹುಲ್ಲುಗಾವಲು, ಮಂಗೋಲಿಯಾದ ಸರೋವರ, ಸೈಬೀರಿಯಾದ ಜೌಗುನೆಲಗಳಲ್ಲಿ ಮರಿ ಮಾಡಿದ ಹಕ್ಕಿಗಳು ನಮ್ಮ ಜೋಳ, ಕಡಲೆ, ಹತ್ತಿಯ ಹೊಲಗಳಲ್ಲಿ ಚಳಿಗಾಲ ಕಳೆಯುತ್ತವೆ. ಹಾಲಹರವಿ, ಆಲೂರು, ಹೊಳಗುಂದ, ಆದೋನಿ ಪ್ರದೇಶಗಳ ಕನ್ನಡ ಓದುಗರಿಗೆ, ವಿಶೇಷವಾಗಿ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಈ ಪರಿಚಯ ಲೇಖನವನ್ನು ಸಿದ್ಧಪಡಿಸಲಾಗಿದೆ.

ಪ್ರದೇಶದ ಸ್ವರೂಪ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿಯ ಉಳಿದ ಬಹುಭಾಗ ಮೈಸೂರಿಗೆ ಹೋಯಿತು. ಆಲೂರು ಸೀಮೆಗೆ ಸೇರಿದ ಹಾಲಹರವಿ ಹೀಗೆ ಗಡಿಯ ಊರಾಯಿತು. ಆದರೆ ಮಣ್ಣು ಬದಲಾಗಲಿಲ್ಲ. ಬಳ್ಳಾರಿ, ಸಿರುಗುಪ್ಪ ತಾಲ್ಲೂಕುಗಳ ಕಪ್ಪು ಎರೆಮಣ್ಣೇ ಹಾಲಹರವಿ, ಹೊಳಗುಂದ, ಆಲೂರು, ಆದೋನಿಗಳ ಕಡೆಗೂ ಹಬ್ಬಿದೆ. ಹಕ್ಕಿಗಳ ದೃಷ್ಟಿಯಿಂದ ಇದೆಲ್ಲ ಒಂದೇ ಬಯಲು.

ಈ ಬಯಲಿನಲ್ಲಿ ಹಕ್ಕಿಗಳಿಗೆ ನೆಲೆಯಾಗುವ ತಾಣಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಎರೆಹೊಲ. ಮುಂಗಾರಿನ ಪೈರು ಕೊಯ್ಲಿಗೆ ಬರುವ, ಹಿಂಗಾರಿನ ಬಿಳಿಜೋಳ ಮತ್ತು ಕಡಲೆ ಬಿತ್ತನೆಯಾಗುವ ಕಾಲಕ್ಕೇ ವಲಸೆ ಹಕ್ಕಿಗಳು ಬರುವುದರಿಂದ ಹೊಲದಲ್ಲಿ ಕೀಟಕ್ಕೂ ಕಾಳಿಗೂ ಕೊರತೆಯಿರುವುದಿಲ್ಲ. ಎರಡನೆಯದು ಉಳುಮೆಯಾಗದೆ ಉಳಿದ ಬೀಳು, ಹುಲ್ಲುಬನ್ನಿ ಮತ್ತು ಕಲ್ಲುಗುಡ್ಡಗಳ ಅಂಚು. ಮೂರನೆಯದು ಹಗರಿ ಎಂದು ನಾವು ಕರೆಯುವ ವೇದಾವತಿ ನದಿಯ ಮರಳುಪಾತ್ರ. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟಿ, ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ದಾಟಿ, ಬಳ್ಳಾರಿಯ ಬಯಲಿನಲ್ಲಿ ಹರಿದು ತುಂಗಭದ್ರೆಯನ್ನು ಸೇರುವ ಈ ನದಿಯಲ್ಲಿ ವರ್ಷದ ಬಹುಕಾಲ ಮರಳೇ ಕಾಣುತ್ತದೆ. ಶರತ್ಕಾಲದಲ್ಲಿ ಮಾತ್ರ ಅಲ್ಲಲ್ಲಿ ನೀರಿನ ಮಡುಗಳು ಉಳಿದಿರುತ್ತವೆ. ನಾಲ್ಕನೆಯದು ಕೆರೆಗಳು, ಕುಂಟೆಗಳು ಹಾಗೂ ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗದ್ದೆಗಳು. ಕಾಲುವೆ ಬಂದ ಮೇಲೆ ಒಣಬಯಲಿನ ನಡುವೆ ನೀರಹಕ್ಕಿಗಳಿಗೆ ಹೊಸ ಆಶ್ರಯ ದೊರೆಯಿತು.

ಅವು ಬರುವುದೇಕೆ?

ಚಳಿಗೆ ಹೆದರಿ ಹಕ್ಕಿಗಳು ದಕ್ಷಿಣಕ್ಕೆ ಓಡಿಬರುತ್ತವೆ ಎಂದು ಪಠ್ಯಗಳಲ್ಲಿ ಸರಳವಾಗಿ ಹೇಳುವುದುಂಟು. ಗರಿಯ ಹೊದಿಕೆಯಿರುವ ಹಕ್ಕಿಗೆ ಚಳಿಗಿಂತ ದೊಡ್ಡ ಶತ್ರು ಹಸಿವು. ಮಧ್ಯ ಏಷ್ಯಾದಲ್ಲಿ ಹಿಮ ಬಿದ್ದಾಗ ಕೀಟ ಸಾಯುತ್ತದೆ, ನೀರು ಹೆಪ್ಪುಗಟ್ಟುತ್ತದೆ, ಹಗಲು ಕಿರಿದಾಗಿ ಆಹಾರ ಹುಡುಕುವ ಅವಧಿಯೂ ಕುಗ್ಗುತ್ತದೆ. ಆದುದರಿಂದ ಹಿಮ ಬೀಳುವುದಕ್ಕೂ ಮೊದಲೇ, ಹಗಲಿನ ಉದ್ದ ಕಡಿಮೆಯಾಗುವುದನ್ನು ಸೂಚನೆಯಾಗಿ ಹಿಡಿದು, ಮೈಯಲ್ಲಿ ಕೊಬ್ಬು ತುಂಬಿಕೊಂಡು ಅವು ಹೊರಡುತ್ತವೆ. ನಮ್ಮಲ್ಲಿ ಅದೇ ಹೊತ್ತಿಗೆ ಮುಂಗಾರು ಮುಗಿದು ಹುಲ್ಲು, ಮಿಡತೆ, ಕಾಳು, ಕೆರೆಯ ಹುಳುಗಳೆಲ್ಲ ಸಮೃದ್ಧವಾಗಿರುತ್ತವೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಇಲ್ಲಿ ನೀರು ಬತ್ತಿ ಬಿಸಿಲೇರುವಾಗ ಅಲ್ಲಿ ಹಿಮ ಕರಗುತ್ತದೆ. ಹಕ್ಕಿಗಳು ಹಿಂದಿರುಗಿ ಗೂಡು ಕಟ್ಟುತ್ತವೆ.

ಜಗತ್ತಿನಲ್ಲಿ ವಲಸೆ ಹಕ್ಕಿಗಳ ಕೆಲವು ಮಹಾಮಾರ್ಗಗಳನ್ನು ಗುರುತಿಸಲಾಗಿದೆ. ನಮ್ಮ ದೇಶಕ್ಕೆ ಮುಖ್ಯವಾದುದು ಮಧ್ಯ ಏಷ್ಯಾ ಮಾರ್ಗ. ಆರ್ಕ್ಟಿಕ್ ಪ್ರದೇಶದಿಂದ ಹಿಂದೂ ಮಹಾಸಾಗರದವರೆಗಿನ ಈ ಮಾರ್ಗ 30 ದೇಶಗಳನ್ನು ಒಳಗೊಂಡಿದೆ. 2020ರ ಫೆಬ್ರುವರಿಯಲ್ಲಿ ಗುಜರಾತಿನ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಅಂತಾರಾಷ್ಟ್ರೀಯ ಒಪ್ಪಂದದ 13ನೆಯ ಸಮ್ಮೇಳನ ನಡೆದಾಗ ಈ ಮಾರ್ಗದ ರಕ್ಷಣೆ ಪ್ರಧಾನ ಚರ್ಚೆಯ ವಿಷಯಗಳಲ್ಲಿ ಒಂದಾಗಿತ್ತು.

ನಕ್ಷತ್ರವಾರು ಆಗಮನ

ನಮ್ಮ ರೈತರು ಕಾಲವನ್ನು ಲೆಕ್ಕ ಹಾಕುವುದು ಮಳೆ ನಕ್ಷತ್ರಗಳಿಂದ. ವಲಸೆ ಹಕ್ಕಿಗಳ ಬರವನ್ನೂ ಅದೇ ಕ್ರಮದಲ್ಲಿ ನೆನಪಿಟ್ಟುಕೊಳ್ಳುವುದು ಸುಲಭ. ಕೆಳಗಿನ ಕಾಲಮಾನ ದಖನ್ನಿನ ಬಯಲಿಗೆ ಸಾಮಾನ್ಯವಾಗಿ ಅನ್ವಯಿಸುವಂಥದು. ವರ್ಷದಿಂದ ವರ್ಷಕ್ಕೆ ಒಂದೆರಡು ವಾರಗಳ ವ್ಯತ್ಯಾಸ ಸಹಜ.

ಮಘೆ ಮತ್ತು ಹುಬ್ಬೆ, ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ 12ರವರೆಗೆ: ಎಲ್ಲರಿಗಿಂತ ಮೊದಲು ಬರುವವು ಗದ್ದೆಗೊರವಗಳು. ಕೆರೆಯಂಚಿನ ಕೆಸರಿನಲ್ಲಿ, ಭತ್ತದ ಗದ್ದೆಯ ಬದುವಿನಲ್ಲಿ, ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ಒಂಟಿಯಾಗಿ ಓಡಾಡುವ ಕಂದು ಬಿಳುಪಿನ ಚಿಕ್ಕ ಹಕ್ಕಿಗಳಿವು. ಊರಿನಲ್ಲಿ ಇನ್ನೂ ಮುಂಗಾರು ನಡೆದಿರುವಾಗಲೇ ಉತ್ತರದಲ್ಲಿ ಇವುಗಳ ಸಂಸಾರದ ಕಾಲ ಮುಗಿದಿರುತ್ತದೆ.

ಉತ್ತರೆ, ಸೆಪ್ಟೆಂಬರ್ 13ರಿಂದ 26: ಅಂಬರಗುಬ್ಬಿಗಳು ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕುಳಿತು ಕಾಣಿಸತೊಡಗುತ್ತವೆ. ಹಳದಿ ಸಿಪಿಲೆ, ಬೂದು ಸಿಪಿಲೆ, ಬಿಳಿ ಸಿಪಿಲೆಗಳು ಒಂದೊಂದಾಗಿ ಬರುತ್ತವೆ. ಗುಲಾಬಿ ಕಬ್ಬಕ್ಕಿಯ ಮೊದಲ ಹಿಂಡುಗಳೂ ಜೌಗು ಸೆಳೆವವೂ ಈ ಕಾಲದಲ್ಲೇ ಬರುವುದುಂಟು.

ಹಸ್ತ, ಸೆಪ್ಟೆಂಬರ್ 27ರಿಂದ ಅಕ್ಟೋಬರ್ 10: ಬಯಲಿನ ಸೆಳೆವಗಳು ಎರೆಹೊಲಗಳ ಮೇಲೆ ತೇಲುವುದು ಕಾಣುತ್ತದೆ. ಕಂದು ಕಳಿಂಗ ಜಾಲಿಮುಳ್ಳಿನ ತುದಿಯಲ್ಲಿ ಕೂರುತ್ತದೆ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ನೆಲದ ಇಲಿ ಮಿಡತೆಗಳನ್ನು ನೋಡುವ ಚಾಣವೂ ಈ ಅವಧಿಯ ಅತಿಥಿ.

ಚಿತ್ತೆ, ಅಕ್ಟೋಬರ್ 11ರಿಂದ 23: ಕೆರೆಗಳಿಗೆ ಬಾತುಗಳು ಇಳಿಯುತ್ತವೆ. ಗಂಡಿನ ಕಣ್ಣಿನ ಮೇಲೆ ಅಗಲವಾದ ಬಿಳಿ ಪಟ್ಟಿಯುಳ್ಳ ಬಿಳಿಹುಬ್ಬಿನ ಬಾತು ಇವುಗಳಲ್ಲಿ ಮೊದಲು ಬರುವಂಥದು. ಸಲಿಕೆಯಂಥ ಕೊಕ್ಕಿನ ಚಲುಕ ಬಾತು, ಉದ್ದ ಚೂಪು ಬಾಲದ ಸೂಜಿಬಾಲದ ಬಾತು ಅನಂತರ ಬರುತ್ತವೆ.

ಸ್ವಾತಿ, ಅಕ್ಟೋಬರ್ 24ರಿಂದ ನವೆಂಬರ್ 5: ಎರಡೂ ರಾಜ್ಯಗಳು ತಮ್ಮ ಉದಯದ ದಿನವನ್ನು ನೆನೆಯುವ ನವೆಂಬರ್ 1ರ ಆಸುಪಾಸಿನಲ್ಲಿ ವಲಸೆ ತನ್ನ ಭರದಲ್ಲಿರುತ್ತದೆ. ನೆಲಗುಬ್ಬಿಗಳ ಗುಂಪುಗಳು ಉತ್ತ ಹೊಲದಲ್ಲಿ ಹರಡಿಕೊಳ್ಳುತ್ತವೆ. ಬಂಗಾರದ ಬಣ್ಣದ ಚಕ್ರವಾಕಗಳು ಜೋಡಿಯಾಗಿ ನೀರಿನ ಅಂಚಿಗೆ ಬರುತ್ತವೆ. ರಾತ್ರಿಯಾದೊಡನೆ ಅಗಲಿ ಕೊರಗುವ ಪ್ರೇಮಿಗಳೆಂದು ನಮ್ಮ ಹಳೆಯ ಕಾವ್ಯಗಳು ಬಣ್ಣಿಸುವುದು ಇದೇ ಹಕ್ಕಿಯನ್ನು.

ವಿಶಾಖೆ ಮತ್ತು ಅನುರಾಧೆ, ನವೆಂಬರ್ 6ರಿಂದ ಡಿಸೆಂಬರ್ ಮೊದಲ ವಾರ: ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಕೆರೆ ಮತ್ತು ಜಲಾಶಯಗಳಿಗೆ ಇಳಿಯುತ್ತವೆ. ತೆನೆ ಕಟ್ಟುವ ಜೋಳಕ್ಕೆ ಕರಿತಲೆಯ ಕಾಳುಗುಬ್ಬಿಗಳ ದಂಡು ಬೀಳುತ್ತದೆ. ದಖನ್ನಿನ ಆಕಾಶವನ್ನು ಅಮೂರ್ ಚಾಣಗಳು ಹಾದುಹೋಗುವುದೂ ಈ ದಿನಗಳಲ್ಲೇ.

ಅಮೂರ್ ಚಾಣದ ವಿಷಯ ತುಸು ವಿಸ್ತಾರವಾಗಿ ಹೇಳತಕ್ಕದ್ದು. ಸುಮಾರು 150 ಗ್ರಾಂ ತೂಗುವ ಈ ಪುಟ್ಟ ಬೇಟೆಹಕ್ಕಿ ಪೂರ್ವ ಸೈಬೀರಿಯಾ ಮತ್ತು ಉತ್ತರ ಚೀನಾದಿಂದ ಹೊರಟು, ನಾಗಾಲ್ಯಾಂಡ್, ಮಣಿಪುರಗಳಲ್ಲಿ ತಂಗಿ, ಭಾರತದ ಪರ್ಯಾಯದ್ವೀಪವನ್ನು ಅಡ್ಡಹಾಯ್ದು, ಅರಬ್ಬೀ ಸಮುದ್ರವನ್ನು ಒಂದೇ ಉಸಿರಿಗೆ ದಾಟಿ ಆಫ್ರಿಕಾದ ದಕ್ಷಿಣ ಭಾಗವನ್ನು ಸೇರುತ್ತದೆ. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಇವುಗಳನ್ನು ಬಲೆಯೊಡ್ಡಿ ಅಪಾರ ಸಂಖ್ಯೆಯಲ್ಲಿ ಕೊಲ್ಲುತ್ತಿದ್ದುದು ಬೆಳಕಿಗೆ ಬಂತು. ಹಳ್ಳಿಯ ಸಭೆಗಳು, ಚರ್ಚುಗಳು, ಸಂರಕ್ಷಣಾ ಸಂಘಟನೆಗಳು, ಸರಕಾರ ಒಟ್ಟುಗೂಡಿದ ಫಲವಾಗಿ ಮರುವರ್ಷವೇ ಆ ಹತ್ಯೆ ನಿಂತಿತು. ಜನ ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಎಷ್ಟು ಬದಲಾವಣೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಸೆಳೆವಗಳು: ಎರೆಹೊಲದ ಕಾವಲುಗಾರರು

ನಮ್ಮ ಬಯಲಿಗೆ ಬರುವ ವಲಸೆ ಹಕ್ಕಿಗಳಲ್ಲಿ ರೈತನಿಗೆ ಅತ್ಯಂತ ಉಪಕಾರಿಯಾದವು ಸೆಳೆವಗಳು. ಹಳ್ಳಿಯಲ್ಲಿ ಎಲ್ಲ ಬೇಟೆಹಕ್ಕಿಗಳನ್ನೂ ಹದ್ದು ಅಥವಾ ಗಿಡುಗ ಎಂದು ಕರೆಯುವ ವಾಡಿಕೆಯಿರುವುದರಿಂದ ಇವುಗಳ ಪ್ರತ್ಯೇಕತೆ ಗಮನಕ್ಕೆ ಬರುವುದಿಲ್ಲ. ಗುರುತಿಸುವ ಬಗೆ ಸುಲಭ. ಹದ್ದು ಆಕಾಶದಲ್ಲಿ ಎತ್ತರದಲ್ಲಿ ಸುತ್ತುತ್ತದೆ; ಸೆಳೆವ ಪೈರಿನ ತುದಿಗೆ ಒಂದೆರಡು ಆಳೆತ್ತರದಲ್ಲಿ, ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ಹೊಲವನ್ನು ಸಾಲುಸಾಲಾಗಿ ತಡಕಾಡುವಂತೆ ತೇಲುತ್ತದೆ. ಗಂಡು ಬೂದು ಬಣ್ಣದ್ದು, ರೆಕ್ಕೆಯ ತುದಿ ಕಪ್ಪು. ಮಾಂಟೆಗು ಸೆಳೆವದ ಗಂಡಿಗೆ ರೆಕ್ಕೆಯ ಮೇಲೆ ಕಪ್ಪು ಅಡ್ಡಗೆರೆಯೊಂದಿರುತ್ತದೆ; ಬಿಳಿ ಸೆಳೆವದ ಗಂಡು ಇನ್ನೂ ಮಾಸಲು ಬಿಳುಪು, ಅದಕ್ಕೆ ಆ ಗೆರೆಯಿಲ್ಲ. ಎರಡರ ಹೆಣ್ಣುಗಳೂ ಕಂದು. ಬಾಲದ ಬುಡದಲ್ಲಿ ಬಿಳಿ ಮಚ್ಚೆ. ಹೆಣ್ಣುಗಳನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟವಾದ್ದರಿಂದ ಹೊಸಬರು 'ಸೆಳೆವ' ಎಂದಷ್ಟೇ ಬರೆದುಕೊಂಡರೆ ಸಾಕು.

ಇವುಗಳ ಮುಖ್ಯ ಆಹಾರ ಮಿಡತೆ. ಇಲಿ, ಹಲ್ಲಿ, ಸಣ್ಣ ಹಕ್ಕಿಗಳನ್ನೂ ಹಿಡಿಯುತ್ತವೆ. ಹಗಲೆಲ್ಲ ಚದುರಿ ಬೇಟೆಯಾಡಿದ ಸೆಳೆವಗಳು ಸಂಜೆ ಒಂದೇ ಹುಲ್ಲುಗಾವಲಿಗೆ ಮರಳಿ, ಮರದ ಮೇಲಲ್ಲ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಗುಜರಾತಿನ ವೆಳಾವದರ್ ಹುಲ್ಲುಗಾವಲು ಇಂಥ ಸಾಮೂಹಿಕ ತಂಗುದಾಣಗಳಲ್ಲಿ ಜಗತ್ಪ್ರಸಿದ್ಧ. ನಮ್ಮ ಹಳೆಯ ಕರ್ನೂಲು ಜಿಲ್ಲೆಯ ರೋಳ್ಳಪಾಡು ಸಹ ಇಂಥ ತಂಗುದಾಣವೆಂದು ದಶಕಗಳ ಹಿಂದೆಯೇ ಹೆಸರಾಗಿತ್ತು. 1988ರಲ್ಲಿ ಅಭಯಾರಣ್ಯವಾಗಿ ಘೋಷಿತವಾದ, ಸುಮಾರು 6 ಚದರ ಕಿಲೋಮೀಟರ್ ವಿಸ್ತಾರದ ರೋಳ್ಳಪಾಡು 2022ರ ಜಿಲ್ಲಾ ಪುನರ್ವಿಂಗಡಣೆಯ ಬಳಿಕ ನಂದ್ಯಾಲ ಜಿಲ್ಲೆಗೆ ಸೇರಿದೆ. ದೇಶದ ಹಲವು ತಂಗುದಾಣಗಳಲ್ಲಿ ಸೆಳೆವಗಳ ಸಂಖ್ಯೆ ಇಳಿಮುಖವಾಗಿದೆಯೆಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಎಚ್ಚರಿಸಿದ್ದಾರೆ. ಹುಲ್ಲುಗಾವಲು ಹೊಲವಾಗಿ, ಹೊಲ ನಿವೇಶನವಾಗಿ ಮಾರ್ಪಡುತ್ತಿರುವುದು, ಕೀಟನಾಶಕದಿಂದ ಮಿಡತೆಯೇ ಇಲ್ಲವಾಗುತ್ತಿರುವುದು ಇದಕ್ಕೆ ಮುಖ್ಯ ಕಾರಣಗಳು.

ಗುಲಾಬಿ ಕಬ್ಬಕ್ಕಿಯೂ ಜೋಳದ ಹೊಲವೂ

ಗುಲಾಬಿ ಮೈ, ಕಪ್ಪು ತಲೆ, ಕಪ್ಪು ರೆಕ್ಕೆ, ತಲೆಯ ಮೇಲೆ ಜುಟ್ಟು: ಗುಲಾಬಿ ಕಬ್ಬಕ್ಕಿಯನ್ನು ಬೇರೆ ಹಕ್ಕಿಯೆಂದು ಭಾವಿಸುವ ಸಂಭವವಿಲ್ಲ. ಮರಿಹಕ್ಕಿಗಳು ಮಾತ್ರ ಮಣ್ಣಿನ ಬಣ್ಣದವು. ಸಂಜೆ ಕರಿಜಾಲಿ ತೋಪಿಗೋ ಕಬ್ಬಿನ ಗದ್ದೆಗೋ ಇವು ಸಾವಿರಗಟ್ಟಲೆ ಒಟ್ಟುಗೂಡಿ, ಹೊಗೆಯ ಸುರುಳಿಯಂತೆ ಆಕಾಶದಲ್ಲಿ ತಿರುಗಿ ಇಳಿಯುವ ನೋಟ ಮರೆಯುವಂಥದಲ್ಲ.

ಜೋಳ ಹಾಲುಗಟ್ಟುವ ಕಾಲದಲ್ಲಿ ಈ ಹಿಂಡುಗಳು ತೆನೆಗಳ ಮೇಲೆ ಎರಗುವುದರಿಂದ ರೈತನಿಗೆ ಇವು ಶತ್ರುಗಳು. ಹೊಲದ ನಡುವೆ ಅಟ್ಟಣೆ ಕಟ್ಟಿ, ಕವಣೆ ಬೀಸಿ, ತಗಡು ಬಡಿದು ಕಾಯುವ ಪದ್ಧತಿ ಹುಟ್ಟಿದ್ದೇ ಇಂಥ ಹಕ್ಕಿಗಳಿಂದ. ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಮರಿ ಮಾಡುವ ಕಾಲದಲ್ಲಿ ಇವು ಮಿಡತೆಗಳನ್ನೇ ತಿನ್ನುತ್ತವೆ. ಚೀನಾದ ಶಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆಯ ಹಾವಳಿ ತಡೆಯಲು ವಿಷ ಸಿಂಪಡಿಸುವುದರ ಬದಲು ಕಲ್ಲುರಾಶಿಯ ಕೃತಕ ಗೂಡುಗಳನ್ನು ಕಟ್ಟಿ ಈ ಹಕ್ಕಿಯನ್ನೇ ಆಹ್ವಾನಿಸುತ್ತಾರೆ. ನಮ್ಮಲ್ಲಿಯೂ ಹೊಲದ ಹುಳುಗಳನ್ನು ಇವು ಹೆಕ್ಕುತ್ತವೆ. ಬೂರುಗ, ಮುತ್ತುಗದ ಹೂಗಳ ಮಕರಂದ ಹೀರಿ ಪರಾಗಸ್ಪರ್ಶಕ್ಕೂ ನೆರವಾಗುತ್ತವೆ. ಆದೋನಿ ಹತ್ತಿ ಮಾರುಕಟ್ಟೆಗೆ ಹೆಸರಾದ ಊರು. ಸುತ್ತಲಿನ ಹೊಲಗಳಲ್ಲಿ ಜೋಳದ ಜಾಗವನ್ನು ಹತ್ತಿ ಆವರಿಸಿಕೊಂಡಂತೆ ಹಕ್ಕಿ ಕಾಯುವ ಅಟ್ಟಣೆಗಳೂ ವಿರಳವಾಗಿವೆ. ಅವುಗಳೊಡನೆ ಅಟ್ಟಣೆಯ ಮೇಲೆ ಕುಳಿತ ಮಕ್ಕಳು ಕಲಿಯುತ್ತಿದ್ದ ಹಕ್ಕಿಜ್ಞಾನವೂ ಹಿಂದೆ ಸರಿದಿದೆ.

ನೀರಹಕ್ಕಿಗಳು ಮತ್ತು ನೆರೆಯ ತಾಣಗಳು

ಪಟ್ಟೆತಲೆ ಹೆಬ್ಬಾತು ಬೂದುಬಿಳುಪಿನ ದೊಡ್ಡ ಹಕ್ಕಿ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು ಇದರ ಗುರುತು. ಮಂಗೋಲಿಯಾ, ಟಿಬೆಟ್‌ಗಳ ಸರೋವರಗಳಲ್ಲಿ ಮರಿ ಮಾಡಿ ಹಿಮಾಲಯವನ್ನು ದಾಟಿ ಬರುತ್ತದೆ. 7,000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಇದು ಹಾರಿದುದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ಆ ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲ ವಿಶೇಷ ಗುಣ ಅದರ ರಕ್ತಕ್ಕಿದೆ. ಹಗಲು ನೀರಿನಲ್ಲಿ ವಿಶ್ರಮಿಸಿ, ಮುಂಜಾನೆ ಸಂಜೆ ಮತ್ತು ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುವುದು ಇದರ ಸ್ವಭಾವ.

ಈ ಹಕ್ಕಿಗಳನ್ನು ನೋಡಬಯಸುವವರಿಗೆ ನೆರೆಯಲ್ಲಿ ಒಳ್ಳೆಯ ತಾಣಗಳಿವೆ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಹಿನ್ನೀರಿನ ಅಂಚು ಒಂದು. ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಇನ್ನೊಂದು. ಸುಮಾರು 99 ಹೆಕ್ಟೇರಿನ ಈ ಕೆರೆಯ ನೀರಿನಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲುಗಳು ಗೂಡು ಕಟ್ಟುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಸುಮಾರು 54 ಹೆಕ್ಟೇರಿನ ಚಿಕ್ಕ ಕೆರೆಯಾದರೂ ಪಟ್ಟೆತಲೆ ಹೆಬ್ಬಾತುಗಳಿಗೆ ದಕ್ಷಿಣ ಭಾರತದ ಅತಿದೊಡ್ಡ ಚಳಿಗಾಲದ ನೆಲೆಗಳಲ್ಲಿ ಒಂದು. 2024ರಲ್ಲಿ ಅಂಕಸಮುದ್ರ, ಮಾಗಡಿ ಮತ್ತು ಅಘನಾಶಿನಿ ಅಳಿವೆ ಈ ಮೂರೂ ರಾಮ್ಸಾರ್ ಪಟ್ಟಿಗೆ ಸೇರಿ ಅಂತಾರಾಷ್ಟ್ರೀಯ ಮನ್ನಣೆ ಪಡೆದವು. ಇವುಗಳಲ್ಲಿ ಮೊದಲ ಎರಡು ರೈತರ ನೀರಾವರಿಗಾಗಿ ಕಟ್ಟಿದ ಕೆರೆಗಳು ಎಂಬುದನ್ನು ಗಮನಿಸಬೇಕು. ಊರಿನ ಕೆರೆಯೊಂದು ಜಗತ್ತಿನ ನಕ್ಷೆಯಲ್ಲಿ ಸ್ಥಾನ ಪಡೆಯಬಲ್ಲದು.

ಕರಾವಳಿಯ ಚಿತ್ರ ಇದಕ್ಕಿಂತ ಬೇರೆ. 4,801 ಹೆಕ್ಟೇರಿನ ಅಘನಾಶಿನಿಯಲ್ಲಿ ಹಕ್ಕಿಗಳ ಊಟದ ಹೊತ್ತನ್ನು ನಿರ್ಧರಿಸುವುದು ಸಮುದ್ರದ ಉಬ್ಬರವಿಳಿತ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಲ್ಲಿ ಗೊರವಗಳು ಹುಳು, ಚಿಪ್ಪುಜೀವಿಗಳನ್ನು ಹೆಕ್ಕುತ್ತವೆ, ಕಡಲಕ್ಕಿ ಮತ್ತು ರೀವಗಳು ಮೀನಿಗೆ ಎರಗುತ್ತವೆ. ನಮ್ಮಂತೆಯೇ ಗಡಿನಾಡಾದ ಕಾಸರಗೋಡು 2023ರಲ್ಲಿ ಬಿಳಿಹೊಟ್ಟೆಯ ಕಡಲ ಹದ್ದನ್ನು ತನ್ನ ಜಿಲ್ಲಾ ಪಕ್ಷಿಯೆಂದು ಘೋಷಿಸಿಕೊಂಡಿತು. ಕಡಲಿಗೆ ಉಬ್ಬರವಿಳಿತವಿದ್ದಂತೆ ನಮ್ಮ ಬಯಲಿಗೆ ಮಳೆ ಮತ್ತು ಕಾಲುವೆಯ ನೀರು. ಹಿಂಗಾರು ಕೈಕೊಟ್ಟ ವರ್ಷ ಕುಂಟೆಗಳು ಬತ್ತಿ, ಬಾತುಗಳು ದೊಡ್ಡ ಜಲಾಶಯಗಳನ್ನೇ ಆಶ್ರಯಿಸುತ್ತವೆ.

ವಲಸೆಗಾರನಲ್ಲದ, ಆದರೆ ಮರೆಯಬಾರದ ಇಬ್ಬರು

ಶರತ್ಕಾಲದ ಹಕ್ಕಿಗಳ ಮಾತಿನಲ್ಲಿ ಎರಡು ಸ್ಥಳೀಯ ಹಕ್ಕಿಗಳನ್ನು ಬಿಡಲಾಗದು. ಒಂದು ನೀಲಕಂಠ, ತೆಲುಗಿನಲ್ಲಿ ಪಾಲಪಿಟ್ಟ. ಇದು ಕರ್ನಾಟಕದ ರಾಜ್ಯಪಕ್ಷಿ. ಅವಿಭಜಿತ ಆಂಧ್ರಪ್ರದೇಶಕ್ಕೂ ಇದೇ ರಾಜ್ಯಪಕ್ಷಿಯಾಗಿತ್ತು. 2018ರಲ್ಲಿ ಆಂಧ್ರ ಸರಕಾರ ಗಿಳಿಯನ್ನು ರಾಜ್ಯಪಕ್ಷಿಯಾಗಿಯೂ, ನಮ್ಮ ಹೊಲಗಳ ಕೃಷ್ಣಮೃಗವನ್ನು ರಾಜ್ಯಪ್ರಾಣಿಯಾಗಿಯೂ ಘೋಷಿಸಿತು. ವಿಜಯದಶಮಿಯಂದು ನೀಲಕಂಠದ ದರ್ಶನ ಶುಭವೆಂಬ ನಂಬಿಕೆ ತೆಲುಗುನಾಡಿನಲ್ಲಿ ಬಲವಾಗಿದೆ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಮಾಳಮಲ್ಲೇಶ್ವರನ ಬನ್ನಿ ಉತ್ಸವಕ್ಕೆ ಜನಸಾಗರ ಸೇರುವ ಆ ದಿನ, ದಾರಿಯ ತಂತಿಗಳ ಮೇಲೆ ಈ ಹಕ್ಕಿ ಸಹಜವಾಗಿಯೇ ಕಾಣಸಿಗುತ್ತದೆ. ಕೆಲವು ಪಟ್ಟಣಗಳಲ್ಲಿ ಹಣದಾಸೆಗೆ ಇದನ್ನು ಹಿಡಿದು, ರೆಕ್ಕೆ ಕಟ್ಟಿ, ಪಂಜರದಲ್ಲಿಟ್ಟು ದರ್ಶನ ಮಾಡಿಸುವ ಕ್ರೌರ್ಯ ನಡೆಯುತ್ತದೆ. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ.

ಇನ್ನೊಂದು ಎರೆಭೂತ. ಎರೆಲಡ್ಡು ಎಂಬ ಹೆಸರೂ ಇದಕ್ಕುಂಟು. ತೆಲುಗರು ಬಟ್ಟಮೇಕ ಎನ್ನುತ್ತಾರೆ. ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ ನಿಲ್ಲುವ ಈ ಹಕ್ಕಿಯ ಕನ್ನಡ ಹೆಸರಿನಲ್ಲಿಯೇ ನಮ್ಮ ಎರೆಮಣ್ಣಿದೆ. ರೋಳ್ಳಪಾಡು ಅಭಯಾರಣ್ಯ ರೂಪುಗೊಂಡದ್ದು ಇದರ ಸಲುವಾಗಿಯೇ. ಇಂದು ದೇಶದಲ್ಲಿ ಉಳಿದಿರುವ ಇವುಗಳ ಸಂಖ್ಯೆ ಬಹಳ ಕಡಿಮೆ; ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮ ಗಡಿಗೆ ಹೊಂದಿದ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡುಬಂದುದು ದಾಖಲಾಗಿದೆ. ಹೆಣ್ಣು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ. ನಾಯಿಯ ಬಾಯಿಗೆ, ದನದ ಗೊರಸಿಗೆ ಅದು ಸುಲಭವಾಗಿ ಬಲಿಯಾಗುತ್ತದೆ. ಭಾರವಾದ ಮೈ, ಮುಂದಕ್ಕೆ ಚೆನ್ನಾಗಿ ಕಾಣದ ದೃಷ್ಟಿ ಇರುವುದರಿಂದ ವಿದ್ಯುತ್ ತಂತಿಗೆ ಡಿಕ್ಕಿ ಹೊಡೆದು ಸಾಯುವುದೂ ಉಂಟು. ನಮ್ಮ ಭಾಗದ ರೈತರು ಇಂಥ ಹಕ್ಕಿಯನ್ನು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಹೊಲದ ಗುರುತನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬಾರದು.

ಎರಡು ಭಾಷೆಗಳ ಹಕ್ಕಿ ಹೆಸರುಗಳು

ಗಡಿಭಾಗದ ಮಗು ಎರಡು ಭಾಷೆಗಳಲ್ಲಿ ಹಕ್ಕಿಯನ್ನು ಕರೆಯಬಲ್ಲದು. ಇದು ಕೊರತೆಯಲ್ಲ, ಸಂಪತ್ತು. ಕನ್ನಡದ ನವಿಲು ತೆಲುಗಿನಲ್ಲಿ ನೆಮಲಿ, ಗೌಜಲಕ್ಕಿ ಕೌಜು, ಟಿಟ್ಟಿಭ ತೀತುವು, ಗೂಬೆ ಗುಡ್ಲಗೂಬ, ಕೊಕ್ಕರೆ ಕೊಂಗ, ಗುಬ್ಬಿ ಪಿಚ್ಚುಕ. ಬಾತು ಎರಡೂ ಕಡೆ ಬಾತೇ. ಗೌಜಲ ಮತ್ತು ಕೌಜು, ಟಿಟ್ಟಿಭ ಮತ್ತು ತೀತುವು ಇಂಥ ಜೋಡಿಗಳನ್ನು ಕೇಳಿದರೇ ಭಾಷೆಗಳ ನಂಟು ತಿಳಿಯುತ್ತದೆ. ಕೆಲವು ಹೆಸರುಗಳು ಹಕ್ಕಿಯ ಕೂಗಿನಿಂದಲೇ ಹುಟ್ಟಿದವು ಎಂಬುದೂ ಹೊಳೆಯುತ್ತದೆ.

ಆತಂಕದ ಸಂಗತಿ ಬೇರೆಯಿದೆ. ಹಿರಿಯರಿಗೆ ತಿಳಿದಿದ್ದ ಸ್ಥಳೀಯ ಹೆಸರುಗಳು ಮಕ್ಕಳಿಗೆ ಎರಡು ಭಾಷೆಗಳಲ್ಲಿಯೂ ತಿಳಿಯದೆ ಹೋಗುತ್ತಿವೆ. ಆಂಧ್ರದ ಕನ್ನಡ ಮಾಧ್ಯಮ ಶಾಲೆಯ ಮಗುವಿಗೆ ಊರಿನ ಹಕ್ಕಿಯ ಹೆಸರು ಪಠ್ಯದಿಂದ ದೊರೆಯುವುದು ವಿರಳ. ಅಟ್ಟಣೆಯಿಂದ, ಅಜ್ಜನ ಬಾಯಿಂದ ದೊರೆಯುವ ಅವಕಾಶವೂ ಕುಗ್ಗಿದೆ. ಹೆಸರಿಲ್ಲದ ಹಕ್ಕಿ ಕಣ್ಮರೆಯಾದರೆ ಯಾರಿಗೂ ತಿಳಿಯುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡನಾಡಿನ ಹಕ್ಕಿಗಳ ಬಗ್ಗೆ ಕನ್ನಡದಲ್ಲಿಯೇ ಚಿತ್ರಸಹಿತ ಪುಸ್ತಕಗಳನ್ನು ಬರೆದು ಒಂದು ತಲೆಮಾರನ್ನು ಬಯಲಿಗೆ ಕರೆತಂದರು. ಅಂಥ ಪುಸ್ತಕ ಪ್ರತಿಯೊಂದು ಗಡಿಶಾಲೆಯ ಕಪಾಟಿನಲ್ಲಿಯೂ ಇರತಕ್ಕದ್ದು. ಆದರೆ ಮುಖ್ಯವಾಗಿ ಬೇಕಾದುದು ಹಾಲಹರವಿ ಸೀಮೆಯವರೇ ತಮ್ಮ ಹೆಸರುಗಳನ್ನು ತಾವೇ ಬರೆದಿಡುವುದು.

ಶಾಲೆಗಳು ಮಾಡಬಹುದಾದ ಕೆಲಸ

ದುಬಾರಿ ದುರ್ಬೀನು, ಕ್ಯಾಮೆರಾ ಇಲ್ಲದೆಯೂ ಹಕ್ಕಿಗಳ ದಾಖಲೆ ಸಾಧ್ಯ. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಆರಂಭವಾದ 'ಮೈಗ್ರಂಟ್‌ವಾಚ್' ಎಂಬ ಯೋಜನೆ ಸಾಮಾನ್ಯ ಜನರಿಗೆ ಕೇಳಿದುದು ಒಂದೇ ಸರಳ ಪ್ರಶ್ನೆ: ಈ ವರ್ಷ ಈ ಹಕ್ಕಿಯನ್ನು ನಿಮ್ಮೂರಿನಲ್ಲಿ ಮೊದಲು ಕಂಡದ್ದು ಯಾವ ದಿನ? ಇಂಥ ಉತ್ತರಗಳು ವರ್ಷ ವರ್ಷ ಒಟ್ಟುಗೂಡಿದಾಗ ಹವಾಮಾನ ಬದಲಾವಣೆಯೊಡನೆ ವಲಸೆಯ ಕಾಲವೂ ಬದಲಾಗುತ್ತಿದೆಯೇ ಎಂದು ತಿಳಿಯಲು ಆಧಾರ ದೊರೆಯುತ್ತದೆ. ಇಂದು ಇ-ಬರ್ಡ್ ಎಂಬ ಅಂತರ್ಜಾಲ ದಾಖಲೆಯಲ್ಲಿ ಯಾರು ಬೇಕಾದರೂ ತಮ್ಮ ನೋಟಗಳನ್ನು ಸೇರಿಸಬಹುದು. ನವೆಂಬರ್ 12 ಹಕ್ಕಿತಜ್ಞ ಸಲೀಂ ಅಲಿಯವರ ಜನ್ಮದಿನ. ಆ ಸಂದರ್ಭದಲ್ಲಿ ದೇಶದಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ. ಜನವರಿಯಲ್ಲಿ ಏಷ್ಯಾದ ನೀರಹಕ್ಕಿಗಳ ಗಣತಿ 1987ರಿಂದಲೂ ನಡೆದುಬಂದಿದೆ.

ಪ್ರತಿ ಶಾಲೆಯಲ್ಲಿ ಒಂದು ದಪ್ಪ ನೋಟುಪುಸ್ತಕವನ್ನು ಹಕ್ಕಿದಾಖಲೆಗೆ ಮೀಸಲಿಟ್ಟರೆ ಸಾಕು. ದಿನಾಂಕ, ಹೊತ್ತು, ಊರು, ಹೊಲವೋ ಕೆರೆಯೋ ಹಗರಿಯೋ ಎಂಬ ವಿವರ, ಹಕ್ಕಿಯ ಹೆಸರು, ಎಷ್ಟಿದ್ದವು, ಏನು ಮಾಡುತ್ತಿದ್ದವು, ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ: ಈ ಎಂಟು ಕಲಮುಗಳು ಇರಲಿ. ಹೆಸರು ತಿಳಿಯದಿದ್ದರೆ ಗಾತ್ರವನ್ನು ಗುಬ್ಬಿ, ಕಾಗೆ, ಹದ್ದು ಇವುಗಳೊಡನೆ ಹೋಲಿಸಿ, ಕೊಕ್ಕು, ಕಾಲು, ಬಾಲದ ಬಣ್ಣ ಬರೆದು, ಒಂದು ರೇಖಾಚಿತ್ರ ಬಿಡಿಸಿದರಾಯಿತು. ಕಂಡಿದ್ದನ್ನಷ್ಟೇ ಬರೆಯಬೇಕು, ಕಂಡಿರಬಹುದೆಂದು ಊಹಿಸಿದುದನ್ನು ಬರೆಯಬಾರದು. ಹಕ್ಕಿ ಕಾಣದ ದಿನವನ್ನೂ ದಾಖಲಿಸಬೇಕು, ಏಕೆಂದರೆ ಇಲ್ಲವೆಂಬುದೂ ಒಂದು ಮಾಹಿತಿ. ಬಯಲಿಗೆ ಹೋದಾಗ ಪೈರು ತುಳಿಯದಿರುವುದು, ಗೂಡು ಮುಟ್ಟದಿರುವುದು, ಚಿತ್ರಕ್ಕಾಗಿ ಹಕ್ಕಿಯನ್ನು ಎಬ್ಬಿಸದಿರುವುದು ಮೊದಲ ಪಾಠಗಳು.

ರೈತರಿಂದಲೂ ಕೆಲವನ್ನು ಕೋರಬಹುದು. ಎಲ್ಲ ಬೀಳನ್ನೂ ಒಮ್ಮೆಲೇ ಉಳದೆ, ಬೆಂಕಿ ಹಚ್ಚದೆ ಹುಲ್ಲಿನ ಒಂದು ಅಂಚನ್ನಾದರೂ ಉಳಿಸಿದರೆ ಸೆಳೆವಕ್ಕೆ ರಾತ್ರಿ ತಂಗಲು ಜಾಗ ದೊರೆಯುತ್ತದೆ. ಹತ್ತಿಗೆ ಔಷಧ ಹೊಡೆದ ಡಬ್ಬಿಗಳನ್ನು ಕುಂಟೆಯಲ್ಲಿ ತೊಳೆಯದಿದ್ದರೆ ಬಾತಿಗೂ ದನಕ್ಕೂ ಕ್ಷೇಮ. ಲಾವಕ್ಕಿ, ಗೌಜಲಕ್ಕಿಗಳಿಗೆ ಬಲೆ, ಉರುಲು ಒಡ್ಡುವವರನ್ನು ಊರಿನವರೇ ತಡೆಯಬಹುದು. ಸೆಳೆವವೊಂದು ದಿನಕ್ಕೆ ಹಿಡಿಯುವ ಮಿಡತೆಗಳು ಆ ಹೊಲದ ರೈತ ಹಣ ಕೊಡದೆ ಪಡೆದ ಸೇವೆಯೇ.

ಹಾಲಹರವಿಯ ಆಕಾಶದಲ್ಲಿ ತೇಲುವ ಸೆಳೆವ ಅರ್ಧ ಗಂಟೆಯಲ್ಲಿ ಹಗರಿಯನ್ನು ದಾಟಿ ಕರ್ನಾಟಕಕ್ಕೆ ಹೋಗಿ ಹಿಂತಿರುಗಬಲ್ಲದು. ಅದರ ರಕ್ಷಣೆಯ ಹೊಣೆ ಮಾತ್ರ ಎರಡು ರಾಜ್ಯಗಳ ಇಲಾಖೆಗಳ ನಡುವೆ ಹಂಚಿಹೋಗಿದೆ. ಎರಡೂ ಕಡೆಯ ಭಾಷೆ ಬಲ್ಲ, ಎರಡೂ ಕಡೆಯ ಹೊಲಗಳನ್ನು ಬಲ್ಲ ಗಡಿನಾಡ ಕನ್ನಡಿಗರು ಈ ಕೆಲಸಕ್ಕೆ ಇತರರಿಗಿಂತ ಹೆಚ್ಚು ಅರ್ಹರು. ಮುಂದಿನ ಉತ್ತರೆ ಮಳೆಯ ಹೊತ್ತಿಗೆ ನಮ್ಮ ಶಾಲೆಗಳಲ್ಲಿ ಹತ್ತು ನೋಟುಪುಸ್ತಕಗಳು ತೆರೆದಿದ್ದರೂ, ಐದು ವರ್ಷಗಳಲ್ಲಿ ಈ ಸೀಮೆಯ ಹಕ್ಕಿಗಳ ಮೊದಲ ಕನ್ನಡ ಪಟ್ಟಿಯೊಂದು ಸಿದ್ಧವಾಗುವುದು ಅಸಾಧ್ಯವೇನಲ್ಲ.